ಬೀಗದ ಕೈಯೂ ಕರದಿಷ್ಟಲಿಂಗವೂ



ಗೃಹಸ್ಥಧರ್ಮವನ್ನು ಕುರಿತು ನಾವು ಆಡುವ ಮಾತುಗಳಲ್ಲಿ ಹೆಚ್ಚಿನವು ಹೊಸದಾಗಿ ಮನೆ ತುಂಬಿದ ಸೊಸೆಯನ್ನೋ ಎಳೆಮಕ್ಕಳ ತಾಯಿಯನ್ನೋ ಉದ್ದೇಶಿಸಿದವುಗಳಾಗಿರುತ್ತವೆ. ತೀರ ಮುಪ್ಪಡರಿದ ಅಜ್ಜಿಯರ ಪಾಲಿಗೂ ನಾಲ್ಕು ಸಮಾಧಾನದ ಮಾತುಗಳು ದೊರೆಯುವುದುಂಟು. ಇವರಿಬ್ಬರ ನಡುವೆ, ಐವತ್ತರ ಆಚೀಚೆ ನಿಂತಿರುವ ಹೆಣ್ಣುಮಗಳನ್ನು ಕುರಿತು ಮಾತ್ರ ಪ್ರವಚನಪೀಠಗಳು ಬಹುಮಟ್ಟಿಗೆ ಮೌನವನ್ನೇ ತಾಳಿವೆ. ಅವಳು ಹರೆಯದವಳಲ್ಲ, ಮುದುಕಿಯೂ ಅಲ್ಲ. ಮಕ್ಕಳು ಬೆಂಗಳೂರಿಗೋ ಪುಣೆಗೋ ಪರದೇಶಕ್ಕೋ ಹೊರಟುಹೋಗಿದ್ದಾರೆ. ಮನೆಗೆ ಸೊಸೆ ಬಂದಿದ್ದಾಳೆ. ಮೂವತ್ತು ವರ್ಷ ತನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬೀಗದ ಕೈಗೊಂಚಲು ಇಂದೋ ನಾಳೆಯೋ ಇನ್ನೊಬ್ಬಳ ಸೊಂಟಕ್ಕೆ ಹೋಗತಕ್ಕದ್ದು. ಶರೀರದಲ್ಲಿ ಮಾಸಿಕ ಧರ್ಮವು ನಿಂತಿದೆ, ಇಲ್ಲವೇ ನಿಲ್ಲುತ್ತಲಿದೆ. ಕೆಲವರಿಗೆ ಪತಿವಿಯೋಗವೂ ಆಗಿಹೋಗಿದೆ. ಮಠಕ್ಕೆ ಬರುವ ಇಂತಹ ತಾಯಂದಿರು ಪ್ರಸಾದವನ್ನು ಸ್ವೀಕರಿಸಿ ಎದ್ದು ಹೊರಡುವಾಗ ಆಡುವ ಮಾತು ಸಾಮಾನ್ಯವಾಗಿ ಒಂದೇ: “ಇನ್ನೇನು ಬುದ್ಧೀ, ನನ್ನದೆಲ್ಲ ಮುಗಿಯಿತು.”

ಈ ಮಾತನ್ನು ಕೇಳಿ ಸುಮ್ಮನಿರುವುದು ಸರಿಯಲ್ಲವೆಂದು ತೋರಿದುದರಿಂದ ಈ ತಿಂಗಳ ಪ್ರವಚನವನ್ನು ಅದಕ್ಕಾಗಿಯೇ ಮೀಸಲಿಟ್ಟಿದೆ. ಮುಗಿದುದು ನಿಜವಾಗಿ ಯಾವುದು? ಹೆರುವುದು ಮುಗಿದಿರಬಹುದು, ಸಾಕಿ ಸಲಹುವುದು ಮುಗಿದಿರಬಹುದು, ಉಗ್ರಾಣದ ಮೇಲಿನ ಅಧಿಕಾರವೂ ಮುಗಿದಿರಬಹುದು. ಆದರೆ ಇವುಗಳಲ್ಲಿ ಯಾವುದನ್ನಾದರೂ ಶರಣರು ಹೆಣ್ಣಿನ ಜನ್ಮಸಾರ್ಥಕ್ಯವೆಂದು ಎಣಿಸಿದರೇ? ಹೆಣ್ಣುಮಗುವಿಗೂ ಗಂಡುಮಗುವಿಗೂ ಸಮಾನವಾಗಿ ಲಿಂಗಧಾರಣೆಯನ್ನು ವಿಧಿಸಿದ ಧರ್ಮ ನಮ್ಮದು. ಆ ಲಿಂಗವನ್ನು ಅವಳ ಅಂಗೈಯಲ್ಲಿರಿಸುವಾಗ ಗುರುವು, ಇದು ನೀನು ಮದುವೆಯಾಗುವ ತನಕ ಇರಲಿ, ಮಕ್ಕಳನ್ನು ಹೆರುವ ತನಕ ಇರಲಿ, ಸೊಸೆ ಬರುವ ತನಕ ಇರಲಿ ಎಂದು ಅವಧಿಯನ್ನು ಗೊತ್ತುಮಾಡಿ ಕೊಡುವುದಿಲ್ಲ. ಪ್ರಾಣವಿರುವ ತನಕ ಅದು ಅವಳದು. ಬೀಗದ ಕೈಯಾದರೋ ಅತ್ತೆಯಿಂದ ಬಂದುದು, ಸೊಸೆಗೆ ಹೋಗತಕ್ಕದ್ದು. ನಡುವೆ ಕೆಲಕಾಲ ತನ್ನಲ್ಲಿದ್ದುದು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದರಿಂದಲೇ ‘ಮುಗಿಯಿತು’ ಎಂಬ ಭಾವವು ಹುಟ್ಟುತ್ತದೆ.

ಮೊದಲು ಶರೀರದ ವಿಷಯವನ್ನೇ ವಿಚಾರಿಸೋಣ. ಮಠದ ಪತ್ರಿಕೆಯಲ್ಲಿ ಇದೆಂತಹ ಮಾತೆಂದು ಕೆಲವು ಗಂಡಸರು ಹುಬ್ಬುಗಂಟಿಕ್ಕಬಹುದು. ಶರಣರು ಮುಚ್ಚುಮರೆಯಿಲ್ಲದೆ ಆಡಿದ ವಿಷಯವನ್ನು ನಾವು ಮುಚ್ಚಿಡಬೇಕಾದ ಕಾರಣವಿಲ್ಲ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗೆ ಇಲ್ಲವೆಂಬುದು ನಮ್ಮ ಮತದ ತಳಹದಿಯಲ್ಲೊಂದು. ಲಿಂಗಾರ್ಚನೆಯಲ್ಲಿ ನಿರತಳಾದ ಸ್ತ್ರೀಗೆ ಋತುಕಾಲದ ಸೂತಕವಿಲ್ಲವೆಂದು ಸಿದ್ಧಾಂತ ಶಿಖಾಮಣಿಯೂ ಸ್ಪಷ್ಟವಾಗಿ ಹೇಳುತ್ತದೆ. ಹೀಗಿರುವಾಗ ನಮ್ಮವರದೇ ಎಷ್ಟೋ ಮನೆಗಳಲ್ಲಿ, ಮುಟ್ಟು ನಿಂತ ಹೆಂಗಸಿಗೆ “ಇನ್ನು ನೀನು ಶುದ್ಧಳಾದೆ, ಪೂಜೆ ಪುನಸ್ಕಾರ ಮಾಡಿಕೊಂಡು ಆರಾಮವಾಗಿರು” ಎಂದು ಹೇಳುವ ರೂಢಿಯಿದೆ. ಕೇಳುವುದಕ್ಕೆ ಗೌರವದ ಮಾತಿನಂತೆ ಕಂಡರೂ ಅದರೊಳಗೆ ಅಡಗಿರುವುದೇನು? ಇಷ್ಟು ವರ್ಷ ನೀನು ಅಶುದ್ಧಳಾಗಿದ್ದೆ ಎಂದಲ್ಲವೇ? ಹದಿಮೂರನೆಯ ವಯಸ್ಸಿನಿಂದ ಐವತ್ತರವರೆಗೆ ತಿಂಗಳಿಗೆ ಮೂರು ದಿನ ಹೊರಗಿರಿಸಿದುದನ್ನು ಲೆಕ್ಕ ಹಾಕಿದರೆ ಮೂರುವರೆ ವರ್ಷಕ್ಕೂ ಮಿಕ್ಕ ಕಾಲವಾಗುತ್ತದೆ. ಅಷ್ಟು ಕಾಲ ಅವಳಿಂದ ಲಿಂಗಪೂಜೆಯನ್ನು ಕಸಿದುಕೊಂಡು, ಈಗ ಅದನ್ನೇ ವಯಸ್ಸಿನ ಬಳುವಳಿಯೆಂಬಂತೆ ಕೊಡುವುದು ಯಾವ ನ್ಯಾಯ? ಶರಣಧರ್ಮದ ದೃಷ್ಟಿಯಲ್ಲಿ ಮುಟ್ಟಿದ್ದಾಗ ಅವಳು ಕಳೆದುಕೊಂಡುದೇನೂ ಇರಲಿಲ್ಲ. ಆದುದರಿಂದ ಮುಟ್ಟು ನಿಂತಾಗ ಹೊಸದಾಗಿ ಪಡೆದುದೂ ಇಲ್ಲ, ಹೋದುದೂ ಇಲ್ಲ.

ಆದರೆ ಶರೀರಕ್ಕೆ ಕಷ್ಟವಿಲ್ಲವೆಂದು ಇದರ ಅರ್ಥವಲ್ಲ. ಕಾಯವಿದ್ದರೆ ತಾನೆ ಕಾಯಕ? ಸಾಮಾನ್ಯವಾಗಿ ೪೫ರಿಂದ ೫೫ ವರ್ಷಗಳೊಳಗೆ ಈ ಬದಲಾವಣೆಯಾಗುತ್ತದೆ. ಸತತವಾಗಿ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ನಿಂತಿತೆಂದು ವೈದ್ಯರು ಗಣಿಸುತ್ತಾರೆ. ಆ ಕಾಲದಲ್ಲಿ ಈಸ್ಟ್ರೋಜನ್ ಎಂಬ ರಸವು ದೇಹದಲ್ಲಿ ಕುಗ್ಗುವುದರಿಂದ ಮೈಯೆಲ್ಲ ಹಠಾತ್ತಾಗಿ ಬಿಸಿಯೇರುವುದು, ನಡುರಾತ್ರಿಯಲ್ಲಿ ಬೆವರಿ ಎಚ್ಚರಾಗುವುದು, ಕಾರಣವಿಲ್ಲದೆ ಕಣ್ಣೀರು ಬರುವುದು, ಸಣ್ಣ ಮಾತಿಗೂ ಸಿಟ್ಟೇಳುವುದು ಇವೆಲ್ಲ ಆಗುತ್ತವೆ. ಅತ್ತೆಗೆ ದೆವ್ವ ಮೆಟ್ಟಿದೆಯೆಂದೋ ಸೊಸೆಯ ಮೇಲಿನ ಹೊಟ್ಟೆಕಿಚ್ಚೆಂದೋ ಮನೆಯವರು ತಿಳಿಯುವುದರಲ್ಲಿ ಅರ್ಧಕ್ಕರ್ಧ ಈ ದೇಹಧರ್ಮವೇ ಇರುತ್ತದೆ. ಪತಿಯಾದವನೂ ಮಕ್ಕಳೂ ಇದನ್ನರಿತು ನಡೆಯಬೇಕು. ಇದೇ ಕಾಲದಿಂದ ಎಲುಬುಗಳೂ ತೆಳುವಾಗತೊಡಗುತ್ತವೆ. ಇಂತಹ ವಯಸ್ಸಿನಲ್ಲಿ ಸೋಮವಾರವೆಂದು, ಅಮಾವಾಸ್ಯೆಯೆಂದು, ಮಗನ ನೌಕರಿಗಾಗಿ, ಮಗಳ ಬಸಿರಿಗಾಗಿ ಎಂದು ಉಪವಾಸಗಳನ್ನು ಒಂದರ ಮೇಲೊಂದು ಹೇರಿಕೊಳ್ಳುವ ತಾಯಂದಿರಿದ್ದಾರೆ. ಲಿಂಗಕ್ಕೆ ಅರ್ಪಿಸಿ ಪ್ರಸಾದವನ್ನು ಸ್ವೀಕರಿಸು ಎಂದು ಹೇಳುವ ಧರ್ಮದಲ್ಲಿ ಹಸಿದು ಒಣಗುವ ವ್ರತಕ್ಕೆ ಎಡೆಯೆಲ್ಲಿ? ರಾಗಿಯ ಮುದ್ದೆಯನ್ನು ಉಣ್ಣಿರಿ. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿದೆ. ಎಳ್ಳು, ಹಾಲು, ಮಜ್ಜಿಗೆ, ಸೊಪ್ಪು ಬಡವರ ಮನೆಗೂ ದೂರವಾದವುಗಳಲ್ಲ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಬಳಿದುಕೊಂಡು ತಿನ್ನುವುದಕ್ಕೆ ದಾಸೋಹವೆಂಬ ಹೆಸರಿಲ್ಲ. ಇನ್ನೊಂದು ಮಾತು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿದರೆ, ಅದು ಒಂದು ತೊಟ್ಟಾದರೂ, ನಾಚಿಕೆಯಿಂದ ಬಚ್ಚಿಡದೆ ಕೂಡಲೇ ವೈದ್ಯರಿಗೆ ತೋರಿಸತಕ್ಕದ್ದು. ಎಷ್ಟೋ ಸಲ ಅದು ಅಲ್ಪ ಕಾರಣದಿಂದಲೇ ಇರಬಹುದು. ಕೆಲವು ಸಲ ಗರ್ಭಕೋಶದ ಅರ್ಬುದದ ಮೊದಲ ಸೂಚನೆಯಾಗಿರುತ್ತದೆ, ಮತ್ತು ಬೇಗ ಕಂಡುಹಿಡಿದರೆ ಗುಣವಾಗುವ ಸಂಭವ ಹೆಚ್ಚು.

ಇನ್ನು ಪತಿಯನ್ನು ಕಳೆದುಕೊಂಡವರ ವಿಷಯ. ಇಲ್ಲಿ ನಾವು ಸ್ವಲ್ಪ ಕಟುವಾಗಿಯೇ ನುಡಿಯಬೇಕಾಗಿದೆ. ಹಿಂದಿನಿಂದಲೂ ನಮ್ಮವರಲ್ಲಿ ವಿಧವೆಯ ತಲೆಬೋಳಿಸುವ ಕ್ರೂರ ಪದ್ಧತಿ ಇರಲಿಲ್ಲ. ಅನೇಕ ಪಂಗಡಗಳಲ್ಲಿ ಉಡಿಕೆಯ ಮೂಲಕ ಮರುಮದುವೆಗೂ ಅವಕಾಶವಿತ್ತು. ಇದನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಮದುವೆಮನೆಯಲ್ಲಿ ಏನು ನಡೆಯುತ್ತದೆ? ಹೆತ್ತ ಮಗಳಿಗೆ ಅರಿಸಿನ ಹಚ್ಚುವಾಗ ತಾಯಿಯು ಬಾಗಿಲ ಮರೆಯಲ್ಲಿ ನಿಂತಿರುತ್ತಾಳೆ. ಐದು ಮಂದಿ ಮುತ್ತೈದೆಯರನ್ನು ಕೂಗಿ ಕರೆಯುತ್ತಾರೆ. ಆ ಐವರಲ್ಲಿ ಕೂಸಿಗೆ ಒಂದು ದಿನವೂ ಹಾಲೆರೆಯದವರಿರುತ್ತಾರೆ, ಎರೆದವಳಿರುವುದಿಲ್ಲ. ಮೊಮ್ಮಗುವಿನ ತೊಟ್ಟಿಲಿಗೆ ಅವಳ ಕೈ ಮುಂದಾಗುವಂತಿಲ್ಲ. ಯಾರೂ ಬೇಡವೆಂದು ಬಾಯಿಬಿಟ್ಟು ಹೇಳುವುದಿಲ್ಲ. ಅವಳೇ ಹಿಂದೆ ಸರಿಯುವಳೆಂದು ಎಲ್ಲರಿಗೂ ತಿಳಿದಿರುತ್ತದೆ.

ಶರಣಸತಿ ಲಿಂಗಪತಿ ಎಂಬ ಭಾವವನ್ನು ಒಪ್ಪಿದವರು ಈ ಆಚರಣೆಗೆ ಯಾವ ಸಮರ್ಥನೆಯನ್ನು ಕೊಡುತ್ತಾರೆ? ಲಿಂಗವೇ ಪತಿಯೆಂದಾದ ಮೇಲೆ ಪ್ರತಿಯೊಬ್ಬ ಭಕ್ತನೂ, ಮೀಸೆ ಹೊತ್ತ ಗಂಡಸನ್ನೂ ಸೇರಿಸಿ, ಸತಿಯೇ. ಮತ್ತು ಆ ಪತಿಗೆ ಮರಣವಿಲ್ಲ. ಹಾಗಿದ್ದರೆ ಲಿಂಗವಂತಳಾದ ಹೆಣ್ಣಿಗೆ ವೈಧವ್ಯವೆಂಬುದು ಲೌಕಿಕವಾದೊಂದು ಅಗಲಿಕೆಯಲ್ಲದೆ ಅಮಂಗಳವಾಗುವುದು ಹೇಗೆ? ದುಃಖವುಂಟು, ಅದನ್ನು ಯಾರೂ ಅಲ್ಲಗಳೆಯಲಾರರು. ಮೂವತ್ತು ನಲವತ್ತು ವರ್ಷ ಜೊತೆಯಲ್ಲಿ ಬಾಳಿದವನು ಇಲ್ಲವಾದಾಗ ಮನೆಯ ಒಂದು ಮಗ್ಗುಲೇ ಬಿದ್ದಂತಾಗುತ್ತದೆ. ಆ ಶೋಕದ ಮೇಲೆ ಅಪಶಕುನವೆಂಬ ಹೊರೆಯನ್ನೂ ಹೇರುವುದು ವಿಭೂತಿ ಧರಿಸಿದ ಹಣೆಗೆ ಮಾಡುವ ಅವಮಾನ. ಈ ಲೇಖನವನ್ನು ಓದುವ ಗೃಹಸ್ಥರಲ್ಲಿ ನಮ್ಮ ಅಪ್ಪಣೆಯೆಂದೇ ತಿಳಿಯಿರಿ: ಮುಂದಿನ ಮದುವೆಯಲ್ಲಿ ಮೊದಲ ಅಕ್ಷತೆಯನ್ನು ಆ ತಾಯಿಯ ಕೈಯಲ್ಲಿ ಹಾಕಿಸಿರಿ. ಅವಳು ಒಲ್ಲೆನೆಂದು ಹಿಂಜರಿದರೆ ಕೈಹಿಡಿದು ಕರೆತನ್ನಿರಿ.

ಬೀಗದ ಕೈಯ ಮಾತಿಗೆ ಬರೋಣ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯದ ಅಳತೆಗಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಹಿಂದಿರುಗಿಸಿ ಬಾ ಎಂದು ಕಳುಹಿಸಿದಳು. ಆತನು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ ಕಾಯಕವನ್ನು ನೆನಪಿಗೆ ತಂದವಳೂ ಅವಳೇ. ಆಕೆಯ ಅಂಕಿತದಲ್ಲಿ ಗಂಡನ ಹೆಸರು ಸೇರಿದೆ, ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂದು; ಆದರೂ ಆ ಗಂಡನನ್ನು ತಿದ್ದುವುದರಲ್ಲಿ ಅವಳು ಹಿಂಜರಿಯಲಿಲ್ಲ. ಈ ಕಥೆಯನ್ನು ಗಂಡಹೆಂಡಿರ ಸಾಮರಸ್ಯಕ್ಕೂ ಅಪರಿಗ್ರಹಕ್ಕೂ ದೃಷ್ಟಾಂತವಾಗಿ ಹೇಳುವುದುಂಟು, ಅದು ಸರಿಯೇ. ನಮಗಿಲ್ಲಿ ಬೇಕಾದುದು ಇನ್ನೊಂದು ಅಂಶ. ಅವಳ ಅಧಿಕಾರ ಎಲ್ಲಿಂದ ಬಂದಿತು? ಆ ಗುಡಿಸಲಿಗೆ ಉಗ್ರಾಣವಿರಲಿಲ್ಲ, ಬೀಗವಿರಲಿಲ್ಲ. ಎಷ್ಟು ಸಾಕು ಎಂಬುದನ್ನು ಅವಳು ಬಲ್ಲವಳಾಗಿದ್ದಳು. ಬಂದ ಅಕ್ಕಿಯನ್ನು ನೋಡಿದೊಡನೆ ಇದು ನಮ್ಮ ಪಾಲಿಗಿಂತ ಮಿಗಿಲಾಯಿತೆಂದು ಕಣ್ಣಳತೆಯಿಂದಲೇ ಅರಿತಳು.

ಮೂವತ್ತು ವರ್ಷ ಒಲೆಯ ಮುಂದೆ ನಿಂತ ಹೆಂಗಸಿನಲ್ಲಿ ಈ ಅಳತೆಯ ಜ್ಞಾನವು ತಾನಾಗಿಯೇ ನೆಲೆಸಿರುತ್ತದೆ. ಎಷ್ಟು ಮಂದಿಗೆ ಎಷ್ಟು ಅಕ್ಕಿ, ಎಷ್ಟು ಮಾತಿಗೆ ಎಷ್ಟು ಉತ್ತರ, ಯಾವ ಸಾಲ ತಾಳಿಕೆಯದು, ಯಾವ ಸಂಬಂಧ ಬಾಳಿಕೆಯದು ಎಂಬುದನ್ನು ಅವಳು ಬಲ್ಲಳು. ಮನೆಗೆ ಬೇಕಾದುದು ಇದು. ದುರ್ದೈವದಿಂದ ಅನೇಕ ತಾಯಂದಿರು ಇದನ್ನು ಬಿಟ್ಟು ಗೊಂಚಲಿಗೆ ಜೋತುಬೀಳುತ್ತಾರೆ. ಸೊಸೆ ಹಚ್ಚಿದ ಒಲೆಯಲ್ಲಿ ಉರಿ ಹೆಚ್ಚು, ಅವಳು ಕಲಸಿದ ಹಿಟ್ಟಿನಲ್ಲಿ ನೀರು ಹೆಚ್ಚು ಎಂದು ದಿನವಿಡೀ ಎಣಿಸುತ್ತ ಕುಳಿತರೆ ಐವತ್ತು ವರ್ಷದ ಅನುಭವವು ಗೊಣಗಾಟವಾಗಿ ಕರಗಿಹೋಗುತ್ತದೆ. ತಾನು ಸೊಸೆಯಾಗಿದ್ದಾಗ ಪಟ್ಟ ಪಾಡನ್ನು ಬಡ್ಡಿಸಹಿತ ತೀರಿಸಿಕೊಳ್ಳುವವರೂ ಇಲ್ಲದಿಲ್ಲ. ಹೆಚ್ಚಾದ ಅಕ್ಕಿಯನ್ನು ಹಿಂದಿರುಗಿಸಿದಂತೆ, ಹೆಚ್ಚಾದ ಅಧಿಕಾರವನ್ನೂ ಹಿಂದಿರುಗಿಸಬಹುದಲ್ಲವೇ?

ಕರ್ನಾಟಕದಲ್ಲಿ ೨೦೨೩ರ ಆಗಸ್ಟಿನಲ್ಲಿ ಸರಕಾರವು ಮನೆಯ ಯಜಮಾನಿಗೆ ತಿಂಗಳಿಗೆ ೨೦೦೦ ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯನ್ನು ಆರಂಭಿಸಿದಾಗ, ಯಜಮಾನಿಯೆಂದರೆ ಯಾರು, ಅತ್ತೆಯೋ ಸೊಸೆಯೋ ಎಂಬ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಎದ್ದಿತು. ಪಡಿತರ ಚೀಟಿಯಲ್ಲಿ ಯಾರ ಹೆಸರಿದೆಯೆಂಬುದರ ಮೇಲೆ ಅದು ತೀರ್ಮಾನವಾಯಿತು. ಚೀಟಿಯು ತೀರ್ಮಾನಿಸಬಹುದಾದುದು ಅಷ್ಟನ್ನು ಮಾತ್ರ.

ಇಷ್ಟನ್ನು ಹೇಳಿ, ಎಲ್ಲವನ್ನೂ ಬಿಟ್ಟುಕೊಟ್ಟು ಬರಿಗೈಯಲ್ಲಿ ಕುಳಿತುಕೊಳ್ಳಿರೆಂದು ನಾವು ಹೇಳುತ್ತಿರುವೆವೆಂದು ಯಾರೂ ತಿಳಿಯಬಾರದು. ಅಡಿಗೆಮನೆಯ ಬೀಗದ ಕೈ ಬೇರೆ, ಹೊಲದ ಪಹಣಿ ಬೇರೆ. ವೈರಾಗ್ಯದ ಹೆಸರಿನಲ್ಲಿ ತಾಯಂದಿರಿಂದ ಸಹಿ ಹಾಕಿಸಿಕೊಳ್ಳುವ ಮಕ್ಕಳು ಹೆಚ್ಚುತ್ತಿರುವ ಕಾಲವಿದು. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ, ಉಯಿಲು ಬರೆಯದೆ ಗತಿಸಿದ ಪತಿಯ ಆಸ್ತಿಯಲ್ಲಿ ಹೆಂಡತಿಗೆ ಮಕ್ಕಳೊಂದಿಗೆ ಸಮನಾದ ಪಾಲುಂಟು. ೨೦೦೫ರ ತಿದ್ದುಪಡಿಯಿಂದ ಹೆಣ್ಣುಮಗಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಮಗನಂತೆಯೇ ಹಕ್ಕು ಬಂದಿದೆ. ಅರವತ್ತು ದಾಟಿದವರು ಮಕ್ಕಳಿಗೆ ಆಸ್ತಿಯನ್ನು ಬರೆದುಕೊಡುವಾಗ ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಕಾಣಿಸಿದರೆ, ಅದು ಪಾಲನೆಯಾಗದ ಪಕ್ಷದಲ್ಲಿ ಆ ಪತ್ರವನ್ನು ರದ್ದುಪಡಿಸಿಕೊಳ್ಳಲು ೨೦೦೭ರ ಪಾಲಕರ ಹಾಗೂ ಹಿರಿಯ ನಾಗರಿಕರ ಕಾಯಿದೆಯಲ್ಲಿ ಅವಕಾಶವಿದೆ. ಮಗನನ್ನು ನಂಬಬೇಡವೆಂದು ನಾವು ಹೇಳುವುದಿಲ್ಲ. ನಂಬಿಕೆಯ ಜೊತೆಗೆ ಒಂದು ಸಾಲನ್ನು ಬರೆಯಿಸಿರಿ. ತನ್ನ ಕೈಯಲ್ಲಿ ನಾಲ್ಕು ಕಾಸಿಲ್ಲದವಳು ದಾಸೋಹವನ್ನು ತಾನೇ ಎಲ್ಲಿಂದ ಮಾಡಿಯಾಳು?

ಹಾಗಾದರೆ ಬಿಡುವಾದ ಹೊತ್ತಿನಲ್ಲಿ ಮಾಡತಕ್ಕದ್ದೇನು? ‘ಶಿವ ಶಿವಾ ಎನ್ನುತ್ತ ಮೂಲೆಯಲ್ಲಿ ಕುಳಿತಿರು’ ಎಂಬುದು ಮನೆಯವರ ಸಲಹೆ. ಶರಣೆಯರು ಮೂಲೆಯಲ್ಲಿ ಕುಳಿತವರಲ್ಲ. ಕದಿರ ರೆಮ್ಮವ್ವ ರಾಟೆಯಿಂದ ನೂಲು ತೆಗೆದಳು, ಸತ್ಯಕ್ಕ ಅಂಗಳ ಗುಡಿಸಿದಳು. ನೂಲುವುದನ್ನೇ ಗುಡಿಸುವುದನ್ನೇ ಹಿಡಿದು ತತ್ತ್ವವನ್ನು ನುಡಿದರು. ಅವರಿಗೆ ಅನುಭಾವವು ಕೆಲಸ ಬಿಟ್ಟ ಮೇಲಿನ ವಿಶ್ರಾಂತಿಯಾಗಿರಲಿಲ್ಲ. ಅಕ್ಕನಾಗಮ್ಮನನ್ನು ನೆನೆಯಿರಿ. ಬಸವಣ್ಣನವರ ಅಕ್ಕ, ಚೆನ್ನಬಸವಣ್ಣನ ತಾಯಿ. ನಮ್ಮಲ್ಲಿ ಬಹುಮಂದಿ ಅವಳನ್ನು ಈ ಎರಡು ಸಂಬಂಧಗಳಿಂದಲೇ ಗುರುತಿಸುತ್ತಾರೆ. ಆದರೆ ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’ನ ಅಂಕಿತದಲ್ಲಿ ಅವಳು ಸ್ವತಃ ವಚನಗಳನ್ನು ನುಡಿದವಳು. ೧೧೬೭ರ ಸುಮಾರಿಗೆ ಕಲ್ಯಾಣದಲ್ಲಿ ಕ್ಷೋಭೆಯೆದ್ದು ಶರಣರು ದಿಕ್ಕುಪಾಲಾದಾಗ, ಚೆನ್ನಬಸವಣ್ಣನೊಂದಿಗೆ ಉಳವಿಯ ಕಡೆಗೆ ಹೊರಟ ತಂಡದಲ್ಲಿ ಅವಳಿದ್ದಳೆಂಬುದು ಪರಂಪರೆಯ ಮಾತು. ತಮ್ಮನಿಗಿಂತ ಹಿರಿಯಳು, ಪ್ರಾಯಕ್ಕೆ ಬಂದ ಜ್ಞಾನಿಯೊಬ್ಬನ ಹಡೆದವ್ವ. ಆಗ ಅವಳು ಹರೆಯದವಳಾಗಿರಲಿಲ್ಲವೆಂಬುದು ಸ್ಪಷ್ಟ. ಕಲ್ಯಾಣದಿಂದ ಉತ್ತರ ಕನ್ನಡದ ಕಾಡಿನೊಳಗಿನ ಉಳವಿಗೆ ೪೦೦ ಕಿಲೋಮೀಟರಿಗೂ ಮಿಕ್ಕ ದಾರಿ. ಕಟ್ಟಿದ ಊರೇ ಒಡೆದುಹೋಗಿತ್ತು, ತಮ್ಮನು ಸಂಗಮದಲ್ಲಿ ಐಕ್ಯನಾಗಿದ್ದನು. ನನ್ನದೆಲ್ಲ ಮುಗಿಯಿತು ಎಂದು ಹೇಳುವ ಅಧಿಕಾರ ಯಾರಿಗಾದರೂ ಇದ್ದಿದ್ದರೆ ಅವಳಿಗಿತ್ತು. ಅವಳು ನಡೆದಳು. ಶರಣರ ವಚನಗಳ ಕಟ್ಟುಗಳು ಆ ದಾರಿಯಲ್ಲಿ ಉಳಿದು ಬಂದವೆಂದು ನಾವಿಂದು ಕೃತಜ್ಞರಾಗಿರುವುದು ಅಂತಹವರ ನಡಿಗೆಗೆ.

ಅಷ್ಟು ಹಿಂದಕ್ಕೆ ಹೋಗುವುದೇಕೆ, ನಮ್ಮ ಕಾಲಕ್ಕೆ ಹತ್ತಿರದವರಾದ ಜಯದೇವಿತಾಯಿ ಲಿಗಾಡೆಯವರನ್ನು ನೋಡಿರಿ. ೧೯೧೨ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಈ ತಾಯಿಗೆ ಶಾಲೆಯ ಕಲಿಕೆ ದೊರೆತುದು ಮರಾಠಿಯಲ್ಲಿ. ಕನ್ನಡವನ್ನು ತಾವೇ ಕಲಿತು, ಶರಣರ ವಚನಗಳನ್ನು ಮರಾಠಿಗರಿಗೆ ಮುಟ್ಟಿಸಿ, ತಮ್ಮೂರಿನ ಸಿದ್ಧರಾಮನ ಚರಿತೆಯನ್ನು ತ್ರಿಪದಿಯಲ್ಲಿ ಪುರಾಣವಾಗಿ ಹಾಡಿದರು. ತ್ರಿಪದಿಯೆಂದರೆ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಛಂದಸ್ಸು. ಅದನ್ನು ಆರಿಸಿಕೊಂಡುದರಲ್ಲಿಯೇ ಒಂದು ಸೊಗಸಿದೆ. ೧೯೭೪ರಲ್ಲಿ ಮಂಡ್ಯದಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತಾಗ ಅವರಿಗೆ ಅರವತ್ತು ದಾಟಿತ್ತು. ೧೯೧೫ರಲ್ಲಿ ಆರಂಭವಾದ ಸಮ್ಮೇಳನಗಳಲ್ಲಿ ಆ ಪೀಠವೇರಿದ ಮೊದಲ ಮಹಿಳೆ ಅವರೇ. (ಎರಡನೆಯವರಾದ ಶಾಂತಾದೇವಿ ಮಾಳವಾಡರಿಗೆ ಆ ಗೌರವ ಸಂದುದು ೨೦೦೦ದಲ್ಲಿ, ನಡುವಿನ ೨೬ ವರ್ಷ ಕನ್ನಡಿಗರಿಗೆ ಇನ್ನೊಬ್ಬ ಹೆಣ್ಣುಮಗಳು ಕಾಣಿಸಲಿಲ್ಲ!) ಕಡೆಗಾಲದಲ್ಲಿ ಅವರು ಬಸವಕಲ್ಯಾಣದಲ್ಲಿ ನೆಲೆಸಿ ೧೯೮೬ರಲ್ಲಿ ಅಲ್ಲಿಯೇ ಲಿಂಗೈಕ್ಯರಾದರು.

ಎಲ್ಲರೂ ಪುರಾಣ ಬರೆಯಬೇಕೆಂದಿಲ್ಲ. ಅಕ್ಷರ ಬಾರದವರು ಮೊಮ್ಮಗಳ ಪಕ್ಕದಲ್ಲಿ ಕುಳಿತು ಅಕ್ಷರ ಕಲಿಯಬಹುದು; ಹೊಲಿಗೆ, ಹೈನು, ರೊಟ್ಟಿ, ಚಟ್ನಿಪುಡಿ ಬಲ್ಲವರು ನಾಲ್ವರು ಕೂಡಿ ಸ್ವಸಹಾಯ ಸಂಘ ಕಟ್ಟಿ ನಾಲ್ಕು ಕಾಸು ದುಡಿಯಬಹುದು; ಬಾಣಂತಿತನ ಬಲ್ಲವರು ಊರಿನ ತಾಯಿಯಿಲ್ಲದ ಬಾಣಂತಿಗೆ ತಾಯಿಯಾಗಬಹುದು. ಮೊಮ್ಮಕ್ಕಳನ್ನು ನೋಡಿಕೊಳ್ಳುವುದೂ ಕಾಯಕವೇ, ಸಂತೋಷದಿಂದ ಮಾಡಿದರೆ. ಮಗ ಸೊಸೆ ಇಬ್ಬರೂ ದುಡಿಯಲು ಹೋಗುವರೆಂದು, ಕೇಳದೆಯೇ ಅವಳನ್ನು ಊರಿನಿಂದ ಕಿತ್ತು ಪಟ್ಟಣದ ಮೂರನೆಯ ಮಹಡಿಯಲ್ಲಿ ಕೂಸಿನೊಂದಿಗೆ ಕೂಡಿಹಾಕಿದರೆ ಅದಕ್ಕೆ ಬೇರೆ ಹೆಸರಿದೆ. ಕೇಳಿ ಕರೆದೊಯ್ಯಿರಿ, ಇಲ್ಲವೆಂದರೆ ಮುನಿಯಬೇಡಿರಿ. ನೌಕರಿಯಿಂದ ನಿವೃತ್ತರಾಗಿ ಮನೆ ಸೇರಿದ ಪತಿರಾಯರೂ, ಹೊತ್ತು ಹೋಗದೆ ಆಕೆಯ ಅಡಿಗೆಮನೆಯ ಲೆಕ್ಕ ಕೇಳುವುದಕ್ಕಿಂತ, ತಮ್ಮ ಪಾಲಿನ ಪಾತ್ರೆಯನ್ನು ತಾವು ತೊಳೆಯುವುದು ಮೇಲು. ಮುಂಜಾನೆ ಇಬ್ಬರೂ ಎದುರುಬದುರಾಗಿ ಕುಳಿತು ಅಂಗೈಯ ಲಿಂಗವನ್ನು ನಿಟ್ಟಿಸುವ ಅರ್ಧ ತಾಸು ಸಿಕ್ಕಿದರೆ ಉಳಿದ ಹೊತ್ತಿನ ಜಗಳ ಅಷ್ಟು ಕಡಮೆಯಾದೀತು. ಅವಳು ಒಬ್ಬಳೇ ಉಳಿದಿದ್ದರೂ ಆ ಅರ್ಧ ತಾಸು ಅವಳದು. ಆ ಹೊತ್ತಿಗೆ ಯಾರೂ ಚಹ ಕೇಳತಕ್ಕದ್ದಲ್ಲ.

ಶ್ರಾವಣ ಮಾಸದ ಪ್ರವಚನಕ್ಕೆ ಈ ವಯಸ್ಸಿನ ತಾಯಂದಿರು ನೂರಾರು ಮಂದಿ ಬರುತ್ತಾರೆ. ಬಂದವರು ನೇರವಾಗಿ ದಾಸೋಹದ ಮನೆಗೆ ಹೋಗಿ ರೊಟ್ಟಿ ತಟ್ಟುತ್ತ ಧ್ವನಿವರ್ಧಕದಲ್ಲಿ ಪ್ರವಚನ ಕೇಳುತ್ತಾರೆ. ಈ ವರ್ಷ ರೊಟ್ಟಿಯ ಸರದಿಯನ್ನು ಗಂಡಸರಿಗೂ ಹಂಚಲು ನಿಶ್ಚಯಿಸಿದೆ. ಪ್ರತಿ ದಿನ ಪ್ರವಚನಕ್ಕೆ ಮೊದಲು ಒಬ್ಬ ತಾಯಿಯು ಪೀಠದ ಪಕ್ಕದಲ್ಲಿ ಕುಳಿತು ತಾನು ಮೆಚ್ಚಿದ ಒಬ್ಬ ಶರಣೆಯ ವಚನವನ್ನು ಓದಿ, ಅದು ತನ್ನ ಬಾಳಿಗೆ ಹೇಗೆ ಹೊಂದಿತು ಎಂಬುದನ್ನು ತನ್ನ ಮಾತಿನಲ್ಲಿಯೇ ಹೇಳತಕ್ಕದ್ದು. ಓದಲು ಬಾರದವರಿಗೆ ಬಾಯಿಪಾಠವಾದರೂ ಸಾಕು. ವಚನ ಸಂಪುಟಗಳು ಮಠದ ಪುಸ್ತಕಾಲಯದಲ್ಲಿವೆ. ಮನೆಗೆ ಒಯ್ಯಲು ಅಡ್ಡಿಯಿಲ್ಲ.